ಗೇಮ್‌ನ ಯೋಧೆಗೆ ಹೋರಾಡೋಕೆ ಆಗುವಂಥ ಉಡುಪು ವಿನ್ಯಾಸ ಮಾಡೋದು ಹೇಗೆ?

"ನನ್ನ ಗೇಮ್‌ಗೆ ಒಬ್ಬಳು ಯೋಧೆ ಬೇಕು. ನೋಡೋಕೆ ಚೆನ್ನಾಗಿರಬೇಕು, ಆದರೆ ಬಿಕಿನಿ ಕವಚ ಬೇಡ. ಏನು ತೊಡಿಸಲಿ?" ಪಾತ್ರ ವಿನ್ಯಾಸ ಕಲಿಯುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಇನ್ನೂ ಕೆಲವರು ಇನ್ನೊಂದು ಕಡೆಯಿಂದ ಕೇಳುತ್ತಾರೆ: "ಡ್ರ್ಯಾಗನ್ ಹಾರಾಡೋ ಲೋಕದಲ್ಲಿ ಮೈ ಕಂಡರೆ ಏನು ಕಷ್ಟ?" ಎರಡಕ್ಕೂ ಇಲ್ಲಿ ಉತ್ತರ ಇದೆ. ಹಂತ ಹಂತವಾಗಿ ಮಾಡುತ್ತಾ ಹೋದರೆ ಸಿಗುತ್ತದೆ.

ಮೊದಲೇ ನನ್ನ ನಿಲುವು ಹೇಳಿಬಿಡುತ್ತೇನೆ. ಎಷ್ಟು ಇಂಚು ಮೈ ಕಾಣುತ್ತದೆ ಅಂತ ಅಳೆಯೋದು ನನ್ನ ಉದ್ದೇಶ ಅಲ್ಲ. ಕುಸ್ತಿಪಟು ಬರಿಮೈಯಲ್ಲಿ ಕಣಕ್ಕೆ ಇಳಿಯುತ್ತಾನೆ, ಈಜುಗಾರ್ತಿ ಈಜುಡುಪು ಹಾಕುತ್ತಾಳೆ. ಅದು ಅವರ ಕೆಲಸಕ್ಕೆ ತಕ್ಕ ಉಡುಪು. ನನ್ನ ತಕರಾರು ಇರೋದು ಬೇರೆ ಕಡೆ. ಒಂದೇ ಗೇಮ್, ಒಂದೇ ಯುದ್ಧ, ಒಂದೇ ಕತ್ತಿ. ಗಂಡಸಿಗೆ ಕುತ್ತಿಗೆಯಿಂದ ಕಾಲ್ಬೆರಳವರೆಗೆ ಉಕ್ಕು, ಹೆಂಗಸಿಗೆ ಎರಡು ಬಟ್ಟಲು ಮತ್ತು ಒಂದು ಲಂಗೋಟಿ. ಆ ಉಡುಪನ್ನು ಅವಳು ತನಗಾಗಿ ಹಾಕಿಕೊಂಡಿಲ್ಲ, ನೋಡುವವರಿಗಾಗಿ ಯಾರೋ ಹಾಕಿಸಿದ್ದಾರೆ. ಈ ವ್ಯತ್ಯಾಸ ನಿಮ್ಮ ಕಣ್ಣಿಗೆ ಬಿತ್ತು ಅಂದರೆ ಅರ್ಧ ಕೆಲಸ ಮುಗಿದ ಹಾಗೆ.

ಶುರು ಮಾಡೋ ಮುಂಚೆ ಏನೇನು ಬೇಕು

ಕಾಗದ ಮತ್ತು ಪೆನ್ಸಿಲ್ ಸಾಕು. ಟ್ಯಾಬ್ಲೆಟ್ ಇದ್ದರೆ ಒಳ್ಳೆಯದು. ರೆಫರೆನ್ಸ್‌ಗೆ ಒಂದು ಫೋಲ್ಡರ್ ಮಾಡಿ. ಅದರಲ್ಲಿ ಬೇರೆ ಗೇಮ್‌ಗಳ ಚಿತ್ರ ಕಮ್ಮಿ ಇರಲಿ. ನಿಜವಾದ ಕವಚ, ನಿಜವಾದ ಕೆಲಸದ ಬಟ್ಟೆ, ಅಗ್ನಿಶಾಮಕ ದಳದವರು, ಪರ್ವತಾರೋಹಿಗಳು, ಕತ್ತಿವರಸೆ ಆಡುವವರು, ಕುದುರೆ ಸವಾರರು, ಇವರ ಫೋಟೊಗಳು ಜಾಸ್ತಿ ಇರಲಿ. ಗೇಮ್ ನೋಡಿ ಗೇಮ್ ಬಿಡಿಸಿದರೆ ಹಳೇ ತಪ್ಪೇ ಮತ್ತೆ ಬರುತ್ತದೆ.

ಮೂರು ಪದ ಗೊತ್ತಿರಲಿ. ಬ್ರೀಫ್ ಅಂದರೆ ಪಾತ್ರ ಯಾರು, ಏನು ಮಾಡುತ್ತಾಳೆ ಅಂತ ಬರೆದ ಒಂದು ಪುಟದ ವಿವರ. ಸಿಲುಯೆಟ್ ಅಂದರೆ ಪಾತ್ರವನ್ನು ಪೂರ್ತಿ ಕಪ್ಪು ಬಳಿದಾಗ ಉಳಿಯುವ ಹೊರ ಆಕಾರ. ಕ್ಲಿಪ್ಪಿಂಗ್ ಅಂದರೆ ಪಾತ್ರ ಚಲಿಸುವಾಗ ಬಟ್ಟೆಯೊಳಗಿಂದ ಕಾಲು, ಕವಚದೊಳಗಿಂದ ತೋಳು ತೂರಿ ಹೊರಗೆ ಬರುವ ದೋಷ. ಉಳಿದ ಪದಗಳು ಬಂದಾಗ ಅಲ್ಲಲ್ಲೇ ಹೇಳುತ್ತೇನೆ.

ಹಂತ 1: ಚಿತ್ರಕ್ಕೆ ಮೊದಲು ಅವಳ ದಿನಚರಿ ಬರೆಯಿರಿ

ಬ್ರೀಫ್‌ನಲ್ಲಿ "ಬಲಶಾಲಿ, ಸುಂದರಿ, ನಿಗೂಢ" ಅಂತ ಬರೆದಿದ್ದರೆ ಅದರಿಂದ ಉಡುಪು ಹುಟ್ಟೋದಿಲ್ಲ. ಅದನ್ನು ಬದಿಗಿಟ್ಟು ಇವಕ್ಕೆ ಉತ್ತರ ಬರೆಯಿರಿ. ಅವಳು ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಾಳೆ? ಏನು ಹೊರುತ್ತಾಳೆ? ಯಾವ ಆಯುಧ, ಯಾವ ಕೈಯಲ್ಲಿ? ಏಟು ಎಲ್ಲಿಂದ ಬರುತ್ತದೆ, ದೂರದಿಂದಲೋ ಹತ್ತಿರದಿಂದಲೋ? ರಾತ್ರಿ ಎಲ್ಲಿ ಮಲಗುತ್ತಾಳೆ? ಈ ಬಟ್ಟೆ ಯಾರು ಕೊಟ್ಟದ್ದು, ಯಾರು ಹೊಲಿದದ್ದು?

ಉತ್ತರ ಇದ್ದಾಗ ಉಡುಪು ಎಷ್ಟು ಬದಲಾಗುತ್ತದೆ ಅನ್ನೋದಕ್ಕೆ ಕ್ಯಾಪ್‌ಕಾಮ್‌ನ ರೆಸಿಡೆಂಟ್ ಈವಿಲ್ 3 ನೋಡಿ. ಜಿಲ್ ವ್ಯಾಲೆಂಟೈನ್ ಪೊಲೀಸ್ ವಿಶೇಷ ದಳದಲ್ಲಿ ಪಳಗಿದವಳು. ಸೋಂಕು ಹಬ್ಬಿ ಸಾಯುತ್ತಿರುವ ನಗರದಿಂದ ತಪ್ಪಿಸಿಕೊಂಡು ಹೊರಡಬೇಕು. ಸೋಂಕು ತಗುಲಿದವರು ಕಡಿದರೆ ಸಾವು ಬಹುಪಾಲು ಖಚಿತ. 1999ರ ಆಟದಲ್ಲಿ ಅವಳಿಗೆ ತೋಳಿಲ್ಲದ, ಭುಜಪಟ್ಟಿಯೂ ಇಲ್ಲದ ಮೇಲಂಗಿ ಮತ್ತು ತುಂಡು ಸ್ಕರ್ಟ್ ಇತ್ತು. 2020ರಲ್ಲಿ ಅದೇ ಆಟವನ್ನು ಹೊಸದಾಗಿ ಮಾಡಿದಾಗ ಜೀನ್ಸ್ ಪ್ಯಾಂಟು, ಭುಜದ ಮೇಲೆ ನಿಲ್ಲುವ ಬನಿಯನ್ ಮತ್ತು ಆಯುಧ ಕಟ್ಟಿಕೊಳ್ಳೋ ಪಟ್ಟಿಗಳು ಬಂದವು. ತೋಳು ಈಗಲೂ ಬರಿದೇ. ಅವಳ ಚೆಲುವೇನೂ ಕಮ್ಮಿಯಾಗಿಲ್ಲ. ಆದರೆ ಈಗ ಅವಳು ಓಡಿಹೋಗೋಕೆ ಸಿದ್ಧವಾಗಿ ಮನೆಯಿಂದ ಹೊರಟವಳ ಹಾಗೆ ಕಾಣುತ್ತಾಳೆ.

ಹಂತ 2: ಕಾರಣ ಮೊದಲು, ಚಿತ್ರ ಆಮೇಲೆ

ಜನ ಜಾಸ್ತಿ ಎಡವೋದು ಇಲ್ಲೇ. ಮೊದಲು ಬಿಕಿನಿ ಬಿಡಿಸುತ್ತಾರೆ. ಯಾರಾದರೂ ಕೇಳಿದರೆ ಕಥೆಯಲ್ಲಿ ಒಂದು ಕಾರಣ ಹೊಸೆಯುತ್ತಾರೆ. "ಅವಳ ಶಕ್ತಿ ಚರ್ಮದಿಂದ ಬರುತ್ತೆ", "ಮಾಯಾ ಕವಚ ಕಣ್ಣಿಗೆ ಕಾಣಲ್ಲ", "ಹಗುರವಾಗಿದ್ದರೆ ವೇಗ ಜಾಸ್ತಿ".

ಇದರ ಬಹು ದೊಡ್ಡ ಉದಾಹರಣೆ 2015ರ ಮೆಟಲ್ ಗಿಯರ್ ಸಾಲಿಡ್ 5ರ ಕ್ವೈಟ್. ಅವಳು ಸ್ನೈಪರ್, ಅಂದರೆ ದೂರದಿಂದ ಗುರಿಯಿಟ್ಟು ಹೊಡೆಯುವವಳು. 1984ರ ಅಫ್ಘಾನಿಸ್ತಾನದ ಕಲ್ಲು ಮತ್ತು ಧೂಳಿನ ನಡುವೆ ಬಿಕಿನಿ ಮೇಲಂಗಿ ಮತ್ತು ಹರಿದ ಕಾಲುಚೀಲ ಹಾಕಿ ಓಡಾಡುತ್ತಾಳೆ. ಆಟ ಬರುವ ಮೊದಲೇ, 2013ರಲ್ಲಿ, ಚಿತ್ರ ನೋಡಿದ ಜನ ತಕರಾರು ತೆಗೆದರು. ನಿರ್ದೇಶಕ ಹಿಡಿಯೊ ಕೊಜಿಮಾ ಇದಕ್ಕೊಂದು ಗುಟ್ಟಿನ ಕಾರಣ ಇದೆ, ಗೊತ್ತಾದಾಗ ಟೀಕಿಸಿದವರಿಗೇ ನಾಚಿಕೆಯಾಗುತ್ತದೆ ಅಂದರು. ಕಾರಣ ಕೊನೆಗೆ ಬಂತು: ಅವಳ ಮೈಯಲ್ಲಿ ಪರಾವಲಂಬಿ ಜೀವಿಗಳಿವೆ, ಅವಳು ಚರ್ಮದ ಮೂಲಕ ಉಸಿರಾಡುತ್ತಾಳೆ.

ಈ ಕಾರಣವನ್ನು ಪರೀಕ್ಷೆ ಮಾಡೋಣ. ಅದೇ ಸರಣಿಯ 2004ರ ಆಟದಲ್ಲಿ 'ದಿ ಎಂಡ್' ಅನ್ನೋ ಮುದುಕ ಇದ್ದಾನೆ. ಅವನೂ ಸ್ನೈಪರ್. ಗಿಡಗಳ ಹಾಗೆ ಬಿಸಿಲಿನಿಂದ ಚೈತನ್ಯ ಪಡೆಯುತ್ತಾನೆ. ಅವನಿಗೆ ಮಾತ್ರ ಕಾಡಿಗೆ ಹೊಂದುವ ಉಡುಪು ಮೈತುಂಬ ಇದೆ. ಇನ್ನೊಂದು ಪ್ರಶ್ನೆ: ಚರ್ಮಕ್ಕೆ ಗಾಳಿಯೇ ಬೇಕಿದ್ದರೆ ಬೆನ್ನು ತೆರೆದು, ಎದೆಗೆ ಗಟ್ಟಿಯಾದ ಆಸರೆ ಕೊಟ್ಟು, ಮೊಣಕಾಲು ಮೊಣಕೈಗೆ ಪಟ್ಟಿ ಕಟ್ಟಬಹುದಿತ್ತು. ಸ್ನೈಪರ್ ಗಂಟೆಗಟ್ಟಲೆ ಹೊಟ್ಟೆಯ ಮೇಲೆ ಮಲಗುತ್ತಾನೆ. ನೆಲಕ್ಕೆ ತಾಗುವ ಜಾಗಗಳಿಗೇ ಮೊದಲು ರಕ್ಷಣೆ ಬೇಕು. ಅದೇ ಕಾರಣದಿಂದ ಹತ್ತು ಬೇರೆ ಉಡುಪು ಹುಟ್ಟಬಹುದಿತ್ತು. ಹುಟ್ಟಿದ್ದು ಬಿಕಿನಿ.

ನೀವು ಮಾಡಬೇಕಾದ್ದು: ಕಾರಣ ಬರೆದು, ಅದನ್ನು ಪಾತ್ರದ ಚಿತ್ರ ನೋಡಿರದ ಒಬ್ಬ ಸ್ನೇಹಿತರಿಗೆ ಕೊಡಿ. "ಇದಕ್ಕೆ ಏನು ಉಡುಪು ತೊಡಿಸ್ತೀರಿ?" ಅಂತ ಕೇಳಿ. ಅವರು ಹೇಳಿದ್ದಕ್ಕೂ ನೀವು ಬಿಡಿಸಿದ್ದಕ್ಕೂ ಹತ್ತಿರದ ಸಂಬಂಧ ಇಲ್ಲದಿದ್ದರೆ, ಕಾರಣ ಆಮೇಲೆ ಅಂಟಿಸಿದ್ದು ಅಂತ ತಿಳಿಯಿರಿ.

ಹಂತ 3: ಒಳಗಿನಿಂದ ಹೊರಕ್ಕೆ ಬಿಡಿಸಿ

ಇದೇ ಮುಖ್ಯ ಹಂತ. ಇದಕ್ಕೆ ಸಮಯ ಕೊಡಿ.

ನಿಜವಾದ ಕವಚ ಪದರ ಪದರವಾಗಿ ಇರುತ್ತದೆ. ಮೈಗೆ ತಾಗಿ ನಾರುಬಟ್ಟೆಯ ಅಂಗಿ. ಅದರ ಮೇಲೆ ಹತ್ತಿ ಅಥವಾ ಬಟ್ಟೆಯ ಪದರಗಳನ್ನು ತುಂಬಿ ಕೌದಿಯ ಹಾಗೆ ಹೊಲಿದ ದಪ್ಪ ಅಂಗಿ. ಯುರೋಪಿನಲ್ಲಿ ಇದಕ್ಕೆ ಗ್ಯಾಂಬಿಸನ್ ಅನ್ನುತ್ತಾರೆ. ಅದರ ಮೇಲೆ ಚೈನ್‌ಮೇಲ್, ಅಂದರೆ ಸಣ್ಣ ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಾಡಿದ ಜಾಲಿ. ಕೊನೆಗೆ ಉಕ್ಕಿನ ತಗಡು. ಏಟಿನ ಧಕ್ಕೆಯನ್ನು ಹೀರಿಕೊಳ್ಳೋ ಕೆಲಸ ಬಹುಪಾಲು ಆ ಕೌದಿ ಅಂಗಿಯದು. ಚೈನ್‌ಮೇಲ್ ಕತ್ತಿಯ ಅಂಚು ಒಳಗೆ ಇಳಿಯದಂತೆ ತಡೆಯುತ್ತದೆ, ಮೂಳೆ ಮುರಿಯೋದನ್ನು ಅದೊಂದೇ ತಡೆಯಲಾರದು.

ಈಗ ಚೈನ್‌ಮೇಲ್ ಬಿಕಿನಿಯ ಕಡೆ ಬನ್ನಿ. ಇದು ಗೇಮ್‌ಗಳಲ್ಲಿ ಹುಟ್ಟಿದ್ದಲ್ಲ. 1970ರ ದಶಕದ ಅಮೆರಿಕನ್ ಕಾಮಿಕ್ಸ್‌ನ ರೆಡ್ ಸೋನ್ಯಾ ಪಾತ್ರದಿಂದ ಹೆಸರಾಯಿತು. ಅಲ್ಲಿಂದ ಫ್ಯಾಂಟಸಿ ಪುಸ್ತಕಗಳ ಮುಖಪುಟಕ್ಕೆ, ಅಲ್ಲಿಂದ ಗೇಮ್‌ಗಳಿಗೆ ಬಂತು. ಅದನ್ನು ಹಾಕಿಕೊಂಡವಳ ಕಡೆಯಿಂದ ಯೋಚಿಸಿ. ಒಳಗೆ ಬಟ್ಟೆಯಿಲ್ಲ, ಕಬ್ಬಿಣದ ಬಳೆ ನೇರ ಚರ್ಮಕ್ಕೆ. ಚಳಿಗೆ ಕೊರೆಯುತ್ತದೆ, ಬಿಸಿಲಿಗೆ ಸುಡುತ್ತದೆ, ಬಗ್ಗಿದಾಗಲೆಲ್ಲ ಚರ್ಮವನ್ನು ಹಿಡಿದು ಚಿವುಟುತ್ತದೆ. ಬೆವರಿಗೆ ತುಕ್ಕು. ಹೊಟ್ಟೆ, ತೊಡೆಯ ಒಳಭಾಗ, ಕಂಕುಳು, ಕುತ್ತಿಗೆ, ದೊಡ್ಡ ರಕ್ತನಾಳಗಳು ಇರೋ ಜಾಗಗಳೆಲ್ಲ ಬಯಲು. ಅದು ಭಾರ ಮಾತ್ರ, ಕವಚ ಅಲ್ಲವೇ ಅಲ್ಲ.

ಮೈ ಪೂರ್ತಿ ಮುಚ್ಚಿದ ಕವಚದಲ್ಲೂ ಒಂದು ತಪ್ಪು ಉಳಿದುಕೊಳ್ಳುತ್ತದೆ: ಉಕ್ಕಿನ ತಗಡಿನಲ್ಲೇ ಎರಡು ಮೊಲೆಗಳ ಆಕಾರ ಉಬ್ಬಿಸೋದು. ಹೊಸಬರು "ಮೈ ಮುಚ್ಚಿದ್ದೀನಲ್ಲ, ಇನ್ನೇನು?" ಅಂತಾರೆ. ಎದೆಕವಚದ ಕೆಲಸ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಿ. 15ನೇ ಶತಮಾನದ ಒಳ್ಳೆಯ ಎದೆಕವಚ ಮುಂದಕ್ಕೆ ಉಬ್ಬಿರುತ್ತದೆ. ಮೈಗೂ ತಗಡಿಗೂ ನಡುವೆ ಜಾಗ ಇರುತ್ತದೆ. ಹಲವು ಕವಚಗಳಲ್ಲಿ ನಡುವೆ ದೋಣಿಯ ತಳದ ಹಾಗೆ ಒಂದು ಏಣು ಇರುತ್ತದೆ. ಈಟಿಯ ತುದಿ ಎಲ್ಲಿ ತಾಗಿದರೂ ಆ ಇಳಿಜಾರಿನಲ್ಲಿ ಜಾರಿ ಪಕ್ಕಕ್ಕೆ ಹೋಗಬೇಕು. ಎರಡು ಉಬ್ಬು ಮಾಡಿದರೆ ನಡುವೆ ಕಣಿವೆಯಾಯಿತು. ಪಕ್ಕಕ್ಕೆ ಜಾರಬೇಕಾದ ತುದಿ ಆ ಕಣಿವೆಗೆ ಇಳಿದು ಎದೆಮೂಳೆಯ ಮೇಲೆ ನಿಲ್ಲುತ್ತದೆ. ಅದರ ಹಿಂದೆಯೇ ಹೃದಯ.

ಹಾಗಾದರೆ ಹೆಂಗಸಿನ ಮೈಗೆ ಜಾಗ? ಉಬ್ಬಿದ ಎದೆಕವಚದಲ್ಲಿ ಜಾಗ ಆಗಲೇ ಇದೆ. ಕೌದಿ ಅಂಗಿ ಎದೆಯನ್ನು ಹಿಡಿದಿಡುತ್ತದೆ. ನಿಜಕ್ಕೂ ಬದಲಾಗಬೇಕಾದ್ದು ಸೊಂಟದ ಎತ್ತರ, ಭುಜದ ಅಗಲ, ತೋಳಿನ ಉದ್ದ. 1429ರಲ್ಲಿ ಫ್ರಾನ್ಸಿನ ತೂರ್ ಪಟ್ಟಣದಲ್ಲಿ ಜೋನ್ ಆಫ್ ಆರ್ಕ್‌ಗೆ ಅಳತೆ ತೆಗೆದು ಕವಚ ಮಾಡಿಸಿದ್ದರು. ಆ ಕವಚ ಉಳಿದಿಲ್ಲ, ಅದಕ್ಕೆ ಕೊಟ್ಟ ಹಣದ ಲೆಕ್ಕ ಉಳಿದಿದೆ. ಅವಳು ಅದರಲ್ಲಿ ಕುದುರೆ ಏರಿದಳು, ಏಣಿ ಹತ್ತಿದಳು.

ಯಾರಾದರೂ ರೋಮನ್ನರ ಸ್ನಾಯು ಕವಚ ತೋರಿಸಿ ವಾದಿಸಬಹುದು. ನಿಜ, ಗಂಡಸಿನ ಎದೆ ಹೊಟ್ಟೆಯ ಆಕಾರ ಮೂಡಿಸಿದ ಕವಚಗಳು ಇದ್ದವು. ಇಂಗ್ಲೆಂಡಿನ ಎಂಟನೇ ಹೆನ್ರಿಯ 1540ರ ಕವಚದಲ್ಲಿ ತೊಡೆಸಂದಿಗೆ ಕಣ್ಣಿಗೆ ಹೊಡೆಯುವಷ್ಟು ದೊಡ್ಡ ಉಬ್ಬು ಇದೆ. ಅಂದರೆ ಮೆರವಣಿಗೆ, ಅಂತಸ್ತು, ಗತ್ತು ಇವೂ ಕವಚದ ಕೆಲಸಗಳೇ. ಹಾಗಾಗಿ ನಿಮ್ಮ ಪಾತ್ರ ದರ್ಬಾರಿನಲ್ಲಿ ಮೆರೆಯೋ ರಾಣಿಯಾಗಿದ್ದು, ಅವಳೇ ಅಂಥದ್ದು ಮಾಡಿಸಿಕೊಂಡಿದ್ದರೆ ಬಿಡಿಸಿ. ಅದನ್ನು ಬ್ರೀಫ್‌ನಲ್ಲಿ ಬರೆಯಿರಿ. ಯುದ್ಧಕ್ಕೆ ಹೋಗುವಾಗ ಬೇರೆ ಕವಚ ಕೊಡಿ.

ಬಿಡಿಸುವ ಕ್ರಮ ಹೀಗಿರಲಿ. ಮೊದಲ ಲೇಯರ್‌ನಲ್ಲಿ ಮೈ. ಎರಡನೆಯದರಲ್ಲಿ ಒಳ ಉಡುಪು ಮತ್ತು ಎದೆಗೆ ಆಸರೆ. ಮೂರನೆಯದರಲ್ಲಿ ಕೌದಿ ಅಂಗಿ ಅಥವಾ ದಪ್ಪ ಬಟ್ಟೆ. ನಾಲ್ಕನೆಯದರಲ್ಲಿ ತಗಡು. ಐದನೆಯದರಲ್ಲಿ ಪಟ್ಟಿ, ಬಕಲ್, ಚೀಲ. ಪ್ರತಿಯೊಂದು ತಗಡೂ ಯಾವುದಕ್ಕೆ ಕಟ್ಟಿದೆ ಅಂತ ತೋರಿಸಿ. ಎದೆಗೆ ಅಂಟಿಸಿದ ಹಾಗೆ ಗಾಳಿಯಲ್ಲಿ ನಿಂತ ಬಟ್ಟಲುಗಳು ಎಷ್ಟೋ ಗೇಮ್‌ಗಳಲ್ಲಿವೆ. ಈ ಒಂದು ಕೆಲಸ ಮಾಡಿದರೆ ಅವು ತಾವಾಗಿಯೇ ಮಾಯವಾಗುತ್ತವೆ.

ಎಚ್ಚರ: ಪೂರ್ತಿ ಉಕ್ಕಿನ ಕವಚ 15ರಿಂದ 25 ಕೆ.ಜಿ. ತೂಗುತ್ತಿತ್ತು. ಮೈಮೇಲೆಲ್ಲ ಹಂಚಿದ ಭಾರವಾದ್ದರಿಂದ ಅದನ್ನು ಹಾಕಿಕೊಂಡು ಓಡಬಹುದು, ಬಿದ್ದರೆ ಏಳಬಹುದು. "ಹೆಂಗಸಿಗೆ ಭಾರ ಆಗುತ್ತೆ, ಅದಕ್ಕೇ ಬಿಕಿನಿ" ಅನ್ನೋ ವಾದ ನಿಲ್ಲೋದಿಲ್ಲ. ಹಗುರ ಬೇಕಿದ್ದರೆ ತಗಡು ಬಿಟ್ಟು ಕೌದಿ ಅಂಗಿ ಉಳಿಸಿ. ನಿಜವಾದ ಬಡ ಸೈನಿಕರೂ ಹಾಗೇ ಮಾಡುತ್ತಿದ್ದರು.

ನಮ್ಮ ಕಡೆಯ ಯೋಧೆ ಬೇಕಿದ್ದರೆ

ಚೆನ್ನಮ್ಮ, ಓಬವ್ವ, ಬೆಳವಡಿ ಮಲ್ಲಮ್ಮನ ನೆನಪಿನಲ್ಲಿ ಗೇಮ್ ಮಾಡಬೇಕು ಅನ್ನೋ ಆಸೆ ಕನ್ನಡದ ಹುಡುಗ ಹುಡುಗಿಯರಿಗೆ ಇದೆ. ಆಗ ಕೇಳುವ ಪ್ರಶ್ನೆ: ಸೀರೆಯಲ್ಲಿ ಹೋರಾಡೋಕೆ ಆಗುತ್ತಾ? ಕಚ್ಚೆ ಹಾಕಿದರೆ ಆಗುತ್ತದೆ. ಉತ್ತರ ಕರ್ನಾಟಕದಲ್ಲಿ ಹೊಲದ ಕೆಲಸ ಮಾಡುವ ಅಜ್ಜಿಯಂದಿರು ಉಡುವ ಬಗೆ ನೋಡಿ. ಉದ್ದದ ಸೀರೆ. ನೆರಿಗೆಯನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ತಂದು ಸೊಂಟದ ಹಿಂದೆ ಸಿಕ್ಕಿಸುತ್ತಾರೆ. ಎರಡೂ ಕಾಲು ಬೇರೆ ಬೇರೆಯಾಗುತ್ತವೆ. ಬಗ್ಗಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಕುದುರೆಯ ಎರಡೂ ಬದಿಗೆ ಕಾಲು ಇಳಿಬಿಡಬಹುದು. ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದು ಸೊಂಟಕ್ಕೆ ಸುತ್ತಿ ಸಿಕ್ಕಿಸಿದರೆ ಕೈ ಬಿಡುವಾಗುತ್ತದೆ.

ಇಲ್ಲಿ ಎಡವೋ ಜಾಗ ಬೇರೆ. ನೆರಿಗೆಯನ್ನು ಹೊಕ್ಕುಳ ಕೆಳಗೆ ಇಳಿಸಿ, ರವಿಕೆಯನ್ನು ಮೊಟಕು ಮಾಡಿ, ಹಾರಾಡೋ ಸೆರಗು ಬಿಡೋದು. ಹಾರುವ ಸೆರಗನ್ನು ಎದುರಾಳಿ ಹಿಡಿದರೆ ಕಥೆ ಮುಗಿಯಿತು. ಪಾತ್ರವನ್ನು ಕಂಪ್ಯೂಟರ್‌ನಲ್ಲಿ ಮಾಡೆಲ್ ಮಾಡುವವರಿಗೆ ಒಂದು ಕಿವಿಮಾತು: ಕಚ್ಚೆಯನ್ನು ಕ್ಲಾತ್ ಸಿಮ್ಯುಲೇಶನ್‌ಗೆ, ಅಂದರೆ ಬಟ್ಟೆಯ ಅಲುಗಾಟವನ್ನು ಕಂಪ್ಯೂಟರ್ ಲೆಕ್ಕ ಹಾಕೋ ವಿಧಾನಕ್ಕೆ, ಪೂರ್ತಿ ಬಿಡಬೇಡಿ. ಕಾಲುಗಳ ಭಾಗವನ್ನು ಪ್ಯಾಂಟಿನ ಹಾಗೆ ಮಾಡೆಲ್ ಮಾಡಿ, ಹಿಂದಿನ ಕಚ್ಚೆ ಮತ್ತು ಸೆರಗಿನ ತುದಿಗೆ ಮಾತ್ರ ಅಲುಗಾಟ ಕೊಡಿ. ಕ್ಲಿಪ್ಪಿಂಗ್ ಬಹಳ ಕಮ್ಮಿಯಾಗುತ್ತದೆ.

ಹಂತ 4: ಸಿಲುಯೆಟ್‌ನಲ್ಲಿ ಅವಳನ್ನು ಗುರುತಿಸಿ

"ಮೈ ಪೂರ್ತಿ ಮುಚ್ಚಿದರೆ ಅವಳು ಹೆಣ್ಣು ಅಂತ ಗೊತ್ತಾಗೋದು ಹೇಗೆ?" ಇದು ಸ್ಟುಡಿಯೊಗಳಲ್ಲಿ ಕೇಳುವ ಮಾತು. ಮೊದಲ ಉತ್ತರ: ದೂರದಿಂದಲೇ ಗೊತ್ತಾಗಲೇಬೇಕು ಅನ್ನೋ ನಿಯಮ ಎಲ್ಲೂ ಇಲ್ಲ. ಇವಳು *ಯಾರು* ಅಂತ ಗೊತ್ತಾದರೆ ಸಾಕು. ಕಪ್ಪು ಬಳಿದ ಚಿತ್ರದಲ್ಲಿ ಆಯುಧ, ಹೆಗಲ ಮೇಲಿನ ಹೊರೆ, ಕೂದಲು ಕಟ್ಟಿದ ರೀತಿ, ನಿಲ್ಲುವ ಭಂಗಿ ಇವುಗಳಿಂದ ಅವಳನ್ನು ಗುರುತಿಸುವ ಹಾಗೆ ಮಾಡಿ. ಧ್ವನಿ, ಮುಖ, ಹೆಸರು ಹೇಗೂ ಇವೆ.

ನಿಂಟೆಂಡೊದ 1986ರ ಮೆಟ್ರಾಯ್ಡ್‌ನಲ್ಲಿ ಸಾಮಸ್ ಅರಾನ್ ಆಟದುದ್ದಕ್ಕೂ ಕೈಗೆ ಫಿರಂಗಿ ಜೋಡಿಸಿದ ಕವಚದಲ್ಲಿರುತ್ತಾಳೆ. ಆ ಆಕಾರವನ್ನು ಜಗತ್ತಿನ ಯಾವ ಗೇಮರ್ ಆದರೂ ಈಗಲೂ ನೆರಳಿನಲ್ಲೇ ಗುರುತಿಸುತ್ತಾರೆ. ಆ ಆಕಾರದಿಂದ ಹೆಣ್ಣು ಅಂತ ಗೊತ್ತಾಗದಿದ್ದರೂ ಅವಳು ದೊಡ್ಡ ಪಾತ್ರವಾದಳು. ಆದರೆ ಅದೇ ಆಟ ಕೊನೆಯಲ್ಲಿ ಇನ್ನೊಂದು ಕೆಲಸ ಮಾಡಿತು. ಬೇಗ ಮುಗಿಸಿದಷ್ಟೂ ಅವಳ ಮೈಮೇಲಿನ ಉಡುಪು ಕಮ್ಮಿ. ಎಲ್ಲಕ್ಕಿಂತ ವೇಗವಾಗಿ ಮುಗಿಸಿದವರಿಗೆ ಬಿಕಿನಿ. ಹೆಣ್ಣಿನ ಮೈಯನ್ನು ಬಹುಮಾನವಾಗಿ ಕೊಡುವ ಅಭ್ಯಾಸ ಎಷ್ಟು ಹಳೆಯದು ನೋಡಿ. ಒಂದೇ ಆಟದಲ್ಲಿ ಕಲಿಯಬೇಕಾದ್ದೂ ಬಿಡಬೇಕಾದ್ದೂ ಎರಡೂ ಇವೆ.

ಹಂತ 5: ಅದೇ ಉಡುಪನ್ನು ಗಂಡಸಿಗೆ ಹಾಕಿ

ಸುಲಭವಾದ ಪರೀಕ್ಷೆ. ನಿಮ್ಮ ಗೇಮ್‌ನ ಗಂಡು ಪಾತ್ರಕ್ಕೆ ಅವಳ ಉಡುಪನ್ನು ಹಾಗೇ ತೊಡಿಸಿ. ನಿಲ್ಲುವ ಭಂಗಿಯನ್ನೂ ಕೊಡಿ, ಇದನ್ನು ಮರೆಯಬೇಡಿ. "ಇವನಿಗೆ ಇದು ಯಾಕೆ?" ಅನ್ನಿಸಿದ ಪ್ರತಿ ಜಾಗಕ್ಕೂ ಕೆಂಪು ಸುತ್ತು ಹಾಕಿ. ಆ ಸುತ್ತುಗಳಲ್ಲಿ ಮೈಕಟ್ಟಿನ ಅಳತೆಗೆ ಸಂಬಂಧಿಸಿದ್ದು ಎಷ್ಟು, ನೋಡುಗರಿಗಾಗಿ ಇಟ್ಟದ್ದು ಎಷ್ಟು ಅಂತ ಬೇರೆ ಮಾಡಿ.

2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಈ ಪರೀಕ್ಷೆ ತಾನಾಗಿಯೇ ನಡೆದುಹೋಗಿತ್ತು. ಕೆಲವು ಕವಚಗಳು ಗಂಡು ಪಾತ್ರ ಹಾಕಿದರೆ ಪೂರ್ತಿ ಕಾಲುಡುಗೆ, ಹೆಣ್ಣು ಪಾತ್ರ ಹಾಕಿದರೆ ಚಡ್ಡಿ. ವಸ್ತು ಅದೇ, ರಕ್ಷಣೆಯ ಅಂಕವೂ ಅದೇ. 2011ರ ಡಾರ್ಕ್ ಸೋಲ್ಸ್‌ನಲ್ಲಿ ಇದಕ್ಕೆ ತದ್ವಿರುದ್ಧ: ಕಬ್ಬಿಣ ಕಬ್ಬಿಣವೇ, ಯಾರು ಹಾಕಿದರೂ. ಮಾನ್‌ಸ್ಟರ್ ಹಂಟರ್ ಸರಣಿ ಬಹಳ ವರ್ಷ ಗಂಡಿಗೊಂದು ಹೆಣ್ಣಿಗೊಂದು ಅಂತ ಬೇರೆ ಬೇರೆ ಕವಚ ಇಟ್ಟಿತ್ತು. 2025ರ ಮಾನ್‌ಸ್ಟರ್ ಹಂಟರ್ ವೈಲ್ಡ್ಸ್‌ನಲ್ಲಿ ಆ ಬೇಲಿ ಕಿತ್ತರು. ಯಾವ ಪಾತ್ರ ಬೇಕಾದರೂ ಯಾವ ಕವಚ ಬೇಕಾದರೂ ತೊಡಬಹುದು. ನನಗೆ ಇದು ಬಹಳ ಇಷ್ಟವಾದ ದಾರಿ. ಯಾರ ಕೈಯಿಂದಲೂ ಏನೂ ಕಿತ್ತುಕೊಳ್ಳಲಿಲ್ಲ, ಆಯ್ಕೆ ಜಾಸ್ತಿ ಮಾಡಿದರು.

ಹಂತ 6: ಓಡಿಸಿ, ಬಗ್ಗಿಸಿ, ಬೀಳಿಸಿ

ನಿಂತ ಚಿತ್ರದಲ್ಲಿ ಎಲ್ಲವೂ ಚೆಂದ. ಉಡುಪಿನ ಹಣೆಬರಹ ಗೊತ್ತಾಗೋದು ಚಲನೆಯಲ್ಲಿ. ಕನಿಷ್ಠ ಈ ಭಂಗಿಗಳಲ್ಲಿ ಬಿಡಿಸಿ ನೋಡಿ: ಓಟ, ಕೈ ಮೇಲೆತ್ತಿ ಹೊಡೆಯೋದು, ಕುಕ್ಕರಗಾಲು, ಗೋಡೆ ಹತ್ತೋದು, ನೆಲದ ಮೇಲೆ ಉರುಳೋದು. ಎಲ್ಲಿ ಜಾರುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಹೈ ಹೀಲ್ಸ್ ಇದ್ದರೆ ಮೈಭಾರ ಪಾದದ ಮುಂಭಾಗಕ್ಕೆ ಹೋಗುತ್ತದೆ, ಹಿಮ್ಮಡಿ ಕೆಲಸ ಮಾಡೋದಿಲ್ಲ, ಉಬ್ಬುತಗ್ಗಿನ ನೆಲದಲ್ಲಿ ಕಾಲು ಉಳುಕೋದು ಸುಲಭ. ಉದ್ದ ಕೂದಲು ಬಿಡೋದಾದರೆ ಕಟ್ಟಿ, ಇಲ್ಲವೇ ಹೆಣೆಯಿರಿ.

2020ರ ಫೈನಲ್ ಫ್ಯಾಂಟಸಿ 7 ರಿಮೇಕ್ ಒಳ್ಳೆಯ ಪಾಠ. ಟೀಫಾ ಕೈಕಾಲುಗಳಿಂದಲೇ ಹೋರಾಡುವವಳು. 1997ರ ಮೂಲ ಆಟದಲ್ಲಿ ಬಿಳಿ ಬನಿಯನ್, ತುಂಡು ಸ್ಕರ್ಟ್. ಹೊಸ ಆಟದಲ್ಲಿ ಜಿಗಿತ, ಒದೆತ ಎಲ್ಲ ವಿವರವಾಗಿ ಕಾಣುತ್ತವೆ. ಆ ಚಲನೆಯಲ್ಲಿ ಅಸಹಜವಾಗಿ ಕಾಣದಿರಲಿ ಅಂತ ಎದೆಯನ್ನು ಬಿಗಿಯಾಗಿ ಹಿಡಿಯಬೇಕು ಅನ್ನೋ ಸಲಹೆ ಸಂಸ್ಥೆಯ ಒಳಗಿನ ನೀತಿ ವಿಭಾಗದಿಂದಲೇ ಬಂತು ಅಂತ ನಿರ್ದೇಶಕ ತೆತ್ಸುಯಾ ನೊಮುರಾ ಹೇಳಿದ್ದರು. ಬನಿಯನ್ ಒಳಗೆ ಕಪ್ಪು ಬಿಗಿ ಒಳಂಗಿ ಬಂತು. ಸ್ಕರ್ಟ್ ಉಳಿಯಿತು. ನೋಡಿದ ತಕ್ಷಣ ಅವಳು ಟೀಫಾ ಅಂತ ಗೊತ್ತಾಗುತ್ತದೆ, ಮೊದಲಿಗಿಂತ ಹೆಚ್ಚು ಹೋರಾಟಗಾರ್ತಿಯ ಹಾಗೂ ಕಾಣುತ್ತಾಳೆ. ಹಳೆಯ ಪಾತ್ರ ತಿದ್ದುವಾಗ ಒಂದು ಒಳಂಗಿ ಸೇರಿಸೋದೂ ಎಷ್ಟೋ ಕೆಲಸ ಮಾಡುತ್ತದೆ.

ಹಂತ 7: ಕ್ಯಾಮೆರಾ ಮತ್ತು ಭಂಗಿ ಕೂಡ ಉಡುಪಿನ ಭಾಗ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಉಡುಪು ಸರಿ ಮಾಡಿ, ಕ್ಯಾಮೆರಾವನ್ನು ಅವಳ ಹಿಂಭಾಗದ ಎತ್ತರಕ್ಕೆ ಇಟ್ಟರೆ ಮಾಡಿದ್ದೆಲ್ಲ ನೀರುಪಾಲು. ಐಡಲ್ ಭಂಗಿ, ಅಂದರೆ ಆಟಗಾರ ಏನೂ ಒತ್ತದಿದ್ದಾಗ ಪಾತ್ರ ನಿಲ್ಲುವ ರೀತಿ, ಅದನ್ನೂ ನೋಡಿ. ಬೆನ್ನು ವಿಪರೀತ ಬಾಗಿಸಿ ಎದೆ ಹಿಂಭಾಗ ಎರಡೂ ಒಟ್ಟಿಗೆ ಕಾಣುವ ಹಾಗೆ ನಿಂತಿದ್ದಾಳಾ? ನೀವೇ ಎದ್ದು ಹಾಗೆ ಒಂದು ನಿಮಿಷ ನಿಂತು ನೋಡಿ. ಸೊಂಟ ನೋಯುತ್ತದೆ.

2016ರಲ್ಲಿ ಓವರ್‌ವಾಚ್ ಇನ್ನೂ ಪರೀಕ್ಷೆಯ ಹಂತದಲ್ಲಿದ್ದಾಗ ಟ್ರೇಸರ್ ಪಾತ್ರದ ಒಂದು ಗೆಲುವಿನ ಭಂಗಿಯ ಬಗ್ಗೆ ಚರ್ಚೆ ನಡೆಯಿತು. ಬೆನ್ನು ತಿರುಗಿಸಿ ಹಿಂಭಾಗ ತೋರುತ್ತಾ ಹೆಗಲ ಮೇಲಿಂದ ನೋಡುವ ಭಂಗಿ. ಚುರುಕಾದ, ತುಂಟ ಹುಡುಗಿ ಅವಳು, ಈ ಭಂಗಿ ಅವಳದ್ದಲ್ಲ ಅಂತ ಒಬ್ಬ ಆಟಗಾರ ಬರೆದರು. ಆ ಗೇಮ್ ಮಾಡಿದ ಬ್ಲಿಜರ್ಡ್ ಸಂಸ್ಥೆ ಒಪ್ಪಿ ಅದನ್ನು ತೆಗೆಯಿತು. ಬದಲಿಗೆ ಬಂದ ಭಂಗಿ ಹಳೇ ಪೋಸ್ಟರುಗಳ ಶೈಲಿಯದು, ಅದರಲ್ಲೂ ಮೋಹಕತೆ ಇದೆ. ಉಡುಪು ಒಂದಿಷ್ಟೂ ಬದಲಾಗಲಿಲ್ಲ. ಆದರೆ ಹೊಸ ಭಂಗಿಯಲ್ಲಿ ಟ್ರೇಸರ್ ಕಾಣುತ್ತಾಳೆ. ಭಂಗಿ ಆರಿಸುವಾಗ ಕೇಳಬೇಕಾದ್ದು ಇಷ್ಟೇ: ಇವಳು ಹೀಗೆ ನಿಲ್ಲುವವಳಾ?

ಎದೆಯ ಕುಲುಕಾಟಕ್ಕೂ ಇದೇ ಅಳತೆ. ಕವಚದೊಳಗಿನ ಎದೆ ಕುಲುಕೋದಿಲ್ಲ. ಅನಿಮೇಟರ್‌ಗೆ ಕೊಡುವ ಟಿಪ್ಪಣಿಯಲ್ಲಿ ಇದನ್ನು ಬರೆದೇ ಕೊಡಿ. ಬರೆಯದಿದ್ದರೆ ಬೇರೆ ಪಾತ್ರಕ್ಕೆ ಮಾಡಿದ ಸೆಟ್ಟಿಂಗ್ ಇವಳಿಗೂ ಬಂದುಬಿಡಬಹುದು.

ಹಂತ 8: ಮೋಹಕ ಉಡುಪೇ ಬೇಕಿದ್ದರೆ

ಬೇಕಾಗಬಹುದು. ಅದಕ್ಕೂ ಜಾಗ ಇದೆ. 2009ರ ಬಯೊನೆಟ್ಟಾ ನೋಡಿ. ಪಾತ್ರ ವಿನ್ಯಾಸ ಮಾಡಿದ್ದು ಮಾರಿ ಶಿಮಾಜಾಕಿ ಎಂಬ ಕಲಾವಿದೆ. ಮೈಗಂಟಿದ ಆ ಕಪ್ಪು ಉಡುಪು ಅವಳ ಕೂದಲಿನದೇ. ದೊಡ್ಡ ಏಟು ಹೊಡೆಯೋಕೆ ಅವಳು ಆ ಕೂದಲನ್ನೇ ಬಳಸುತ್ತಾಳೆ, ಆಗ ಮೈ ಬಯಲಾಗುತ್ತದೆ. ಹಿಮ್ಮಡಿಯಲ್ಲೂ ಬಂದೂಕು. ನಡಿಗೆ, ಮಾತು, ಎದುರಾಳಿಯನ್ನು ಆಟವಾಡಿಸುವ ಗತ್ತು ಎಲ್ಲ ಅವಳದೇ. ಆಟದ ಲೋಕವೂ ಅಷ್ಟೇ ಅತಿರೇಕದ್ದು. ಅವಳ ಮೇಲೆ ಕ್ಯಾಮೆರಾ ಹರಿದಾಡೋದು ಅತಿಯಾಯಿತು ಅನ್ನುವವರೂ ಇದ್ದಾರೆ, ಅವರ ಮಾತಿನಲ್ಲೂ ತೂಕ ಇದೆ. ಆದರೂ ಅವಳ ಉಡುಪನ್ನು ಅವಳಿಂದ ಬೇರೆ ಮಾಡಲಾಗದು. ಕ್ವೈಟ್‌ಗೆ ಈ ಮಾತು ಹೇಳೋಕೆ ಆಗೋದಿಲ್ಲ.

ಇಂಥ ಉಡುಪು ಮಾಡುವಾಗ ಮೂರು ಎಚ್ಚರಿಕೆ. ಒಂದು, ಎಲ್ಲ ಹೆಣ್ಣು ಪಾತ್ರಗಳಿಗೂ ಅದೇ ಬೇಡ. ಮುದುಕಿ, ದಪ್ಪಗಿರುವವಳು, ಗಾಯದ ಗುರುತಿರುವವಳು, ಇವರೂ ನಿಮ್ಮ ಲೋಕದಲ್ಲಿ ಬದುಕಲಿ. ಎರಡು, ಡೀಫಾಲ್ಟ್ ಉಡುಪು, ಅಂದರೆ ಆಟಗಾರ ಏನೂ ಆರಿಸದಿದ್ದಾಗ ಬರುವ ಉಡುಪು, ಕೆಲಸದ್ದಾಗಿರಲಿ. ಉಳಿದದ್ದನ್ನು ಸ್ಕಿನ್ ಆಗಿ, ಅಂದರೆ ಬೇಕಾದವರು ಬದಲಿಸಿಕೊಳ್ಳುವ ವೇಷವಾಗಿ ಇಡಿ. ಮೂರನೆಯದರಲ್ಲಿ ಚರ್ಚೆಯೇ ಇಲ್ಲ: ಮಗುವಿನ ಹಾಗೆ ಕಾಣುವ ಪಾತ್ರಕ್ಕೆ ಇದನ್ನು ಎಂದಿಗೂ ಮಾಡಬೇಡಿ. ಕಥೆಯಲ್ಲಿ "ಅವಳಿಗೆ 500 ವರ್ಷ" ಅಂತ ಬರೆದರೂ ಮಾಡಬೇಡಿ. ಯಾರಾದರೂ ಮಾಡಿಕೊಡಿ ಅಂದರೆ ಆ ಕೆಲಸ ಬಿಡಿ.

ಹಂತ 9: ಲೀಡ್, ಅಂದರೆ ತಂಡದ ಮುಖ್ಯಸ್ಥರ ಜೊತೆ ಮಾತಾಡೋದು

ಬೆಂಗಳೂರಿನ ಎಷ್ಟೋ ಸ್ಟುಡಿಯೊಗಳಲ್ಲಿ ಹೊರದೇಶದ ಗೇಮ್‌ಗಳಿಗೆ ಪಾತ್ರ ಮಾಡಿಕೊಡುತ್ತಾರೆ. ಕಾನ್ಸೆಪ್ಟ್, ಅಂದರೆ ಮೊದಲ ವಿನ್ಯಾಸದ ಚಿತ್ರ, ಅಲ್ಲಿಂದ ಬರುತ್ತದೆ. ನಿಮ್ಮ ಕೈಯಲ್ಲಿ ಏನೂ ಇಲ್ಲ ಅನ್ನಿಸಬಹುದು. ಸ್ವಲ್ಪ ಇದೆ.

"ಇದು ತಪ್ಪು" ಅಂತ ಶುರು ಮಾಡಿದರೆ ಮಾತು ಅಲ್ಲೇ ನಿಲ್ಲುತ್ತದೆ. ಕೆಲಸದ ಭಾಷೆಯಲ್ಲಿ ಕೇಳಿ. "ಈ ಬಟ್ಟಲು ಯಾವುದಕ್ಕೆ ಕಟ್ಟಿದೆ? ತೋಳು ಎತ್ತಿದಾಗ ಕ್ಲಿಪ್ ಆಗುತ್ತೆ, ಒಂದು ಪಟ್ಟಿ ಸೇರಿಸಲಾ?" "ಗಂಡು ಪಾತ್ರದ ತೊಡೆಗೆ ತಗಡಿದೆ, ಇವಳಿಗೂ ಅದೇ ಸೆಟ್ ಬಳಸಿದರೆ ಸಮಯ ಉಳಿಯುತ್ತೆ, ನಡೆಯುತ್ತಾ?" ಎರಡು ಆವೃತ್ತಿ ಮಾಡಿ ಪಕ್ಕಪಕ್ಕದಲ್ಲಿ ಇಡಿ: ಒಂದು ಅವರು ಕೇಳಿದ್ದು, ಇನ್ನೊಂದು ನೀವು ತಿದ್ದಿದ್ದು. ಬಾಯಿಮಾತಿಗಿಂತ ಚಿತ್ರಕ್ಕೆ ಬೇಗ ಒಪ್ಪಿಗೆ ಸಿಗುತ್ತದೆ. ತಂಡದಲ್ಲಿ ಹೆಣ್ಣುಮಕ್ಕಳಿದ್ದರೆ ಅವರ ಅಭಿಪ್ರಾಯ ಕೇಳಿ, ಆದರೆ ತಕರಾರು ಹೇಳುವ ಹೊಣೆಯನ್ನು ಅವರೊಬ್ಬರ ತಲೆಗೇ ಕಟ್ಟಬೇಡಿ.

ಹಂತ 10: ಫೈಲ್ ಒಪ್ಪಿಸುವಾಗ

ಟರ್ನ್‌ಅರೌಂಡ್, ಅಂದರೆ ಪಾತ್ರವನ್ನು ಮುಂದೆ, ಪಕ್ಕ, ಹಿಂದಿನಿಂದ ತೋರಿಸುವ ಚಿತ್ರ, ಅದರ ಜೊತೆ ಪದರಗಳ ಚಿತ್ರವನ್ನೂ ಇಡಿ. ಪ್ರತಿ ಭಾಗದ ಪಕ್ಕ ಒಂದು ಸಾಲು ಬರೆಯಿರಿ: ಇದು ಯಾವ ವಸ್ತು, ಯಾವುದಕ್ಕೆ ಕಟ್ಟಿದೆ, ಯಾಕಿದೆ. "ಎಡ ಭುಜದ ತಗಡು ದೊಡ್ಡದು, ಗುರಾಣಿ ಇಲ್ಲದೆ ಎಡಗಡೆಯಿಂದ ನುಗ್ಗುತ್ತಾಳೆ." "ಸೊಂಟದ ಪಟ್ಟಿ ಅಗಲ, ಕತ್ತಿಯ ಭಾರ ಇಲ್ಲಿ ಕೂರುತ್ತದೆ." ಆರು ತಿಂಗಳ ಮೇಲೆ ಬೇರೆ ಯಾರೋ ಇದೇ ಪಾತ್ರಕ್ಕೆ ಹಬ್ಬದ ಸ್ಕಿನ್ ಮಾಡೋಕೆ ಕೂರುತ್ತಾರೆ. ಅವರ ಮುಂದೆ ಇರೋದು ನಿಮ್ಮ ಫೈಲ್ ಮಾತ್ರ. ಯಾವುದನ್ನು ಬದಲಿಸಬಹುದು, ಯಾವುದನ್ನು ಕಿತ್ತರೆ ಅವಳು ಹೋರಾಡಲಾರಳು ಅಂತ ಅದರಲ್ಲೇ ಓದಿಕೊಳ್ಳುವ ಹಾಗಿರಲಿ.